ಪೂಲ್ ಪಂಪು ನೀರೆಳೆಯುತ್ತಿಲ್ಲವೇ? ಎಚ್‌ಪಿ ಹೆಚ್ಚಿಸುವ ಮೊದಲು ಮುಚ್ಚಳ ಬಿಚ್ಚಿ ನೋಡಿ

ಓದುಗರ ಪ್ರಶ್ನೆ: ಮನೆಯ ಪೂಲಿಗೆ ಒಂದು ಎಚ್‌ಪಿ ಪಂಪು ಉಂಟು. ಮೋಟರು ಓಡ್ತದೆ, ನೀರು ಮಾತ್ರ ಸರಿ ಎಳೆಯುವುದಿಲ್ಲ. ಪೂಲಿಗೆ ನೀರು ವಾಪಸು ಬರುವಲ್ಲಿ ಬರೀ ಗುಳ್ಳೆ. ಎರಡು ಎಚ್‌ಪಿ ಹಾಕುವ ಅಂತ ಪ್ಲಂಬರ್ ಹೇಳ್ತಾರೆ. ಹಾಕಬಹುದಾ?

ಬೇಡ. ಏಪ್ರಿಲ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮಣಿಪಾಲದಿಂದ ಬಂದರೂ ಕದ್ರಿಯಿಂದ ಬಂದರೂ ಉತ್ತರ ಒಂದೇ. ಗುಳ್ಳೆ ಕಾಣುತ್ತಿದ್ದರೆ ಪಂಪಿಗೆ ಬಲ ಸಾಲದು ಎಂದಲ್ಲ, ಅದು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿದೆ ಎಂದು. ಆ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕುವುದಷ್ಟೇ ಕೆಲಸ.

ಮೊದಲು ನೀರಿನ ಮಟ್ಟ ನೋಡಿ. ಬೇಸಿಗೆಯಲ್ಲಿ ಬಾವಿ ತಳ ಕಾಣುತ್ತದೆ, ತುಂಬೆ ಅಣೆಕಟ್ಟಿನಲ್ಲೋ ಬಜೆ ಅಣೆಕಟ್ಟಿನಲ್ಲೋ ನೀರು ಇಳಿದರೆ ನಳ್ಳಿ ನೀರಿಗೂ ಕತ್ತರಿ. ಆಗ ಪೂಲಿಗೆ ನೀರು ಬಿಡುವುದನ್ನು ಎಲ್ಲರೂ ಮುಂದೂಡುತ್ತಾರೆ. ನೀರು ಸ್ಕಿಮ್ಮರ್ (ಪೂಲಿನ ಗೋಡೆಯಲ್ಲಿ ಮೇಲ್ಮೈ ನೀರು ಎಳೆಯುವ ಕಿಂಡಿ) ಬಾಯಿಯ ಅರ್ಧದವರೆಗೆ ಇರಬೇಕು. ಅಲ್ಲಿಂದ ನಾಲ್ಕು ಬೆರಳು ಇಳಿದರೆ ಸ್ಕಿಮ್ಮರ್ ಸುಳಿ ಹಾಕಿ ಗಾಳಿ ನುಂಗಲು ಶುರು ಮಾಡುತ್ತದೆ.

ಮಟ್ಟ ಸರಿ ಇದ್ದರೆ ಪಂಪು ಆಫ್ ಮಾಡಿ, ವಾಲ್ವ್ ಮುಚ್ಚಿ, ಪಂಪಿನ ಮುಂದೆ ಕಸ ಹಿಡಿಯುವ ಸ್ಟ್ರೈನರಿನ ಮುಚ್ಚಳ ಬಿಚ್ಚಿ. ಬಾಸ್ಕೆಟ್ ತೊಳೆಯಿರಿ. ನಮ್ಮ ಕಡೆ ಮಾವಿನ ಹೂವು, ತೆಂಗಿನ ಹೂವಿನ ಎಸಳು ಬಾಸ್ಕೆಟ್ಟಿನ ತೂತಿನಲ್ಲೇ ನುಸುಳಿ, ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ ಸಿಕ್ಕಿಕೊಳ್ಳುತ್ತವೆ. ಮೈನ್ ಸ್ವಿಚ್ಚೇ ತೆಗೆದು, ಒಳಗೆ ಬೆರಳು ಹಾಕಿ ನೋಡಿ, ಬಗ್ಗಿಸಿದ ತಂತಿಯಿಂದ ಎಳೆದು ತೆಗೆಯಿರಿ. ಇನ್ನು ಮುಚ್ಚಳದ ಓ-ರಿಂಗ್, ಅಂದರೆ ಗಾಳಿ ಹೋಗದಂತೆ ತಡೆಯುವ ರಬ್ಬರ್ ಬಳೆ. ಬೆರಳಲ್ಲಿ ಮಡಚಿದಾಗ ಬಿರುಕು ಕಂಡರೆ, ಚಪ್ಪಟೆಯಾಗಿದ್ದರೆ, ಹೊಸತು ಹಾಕಿ. ಚೆನ್ನಾಗಿದ್ದರೆ ಅದು ಕೂರುವ ತೋಡಿನಲ್ಲಿ ಸೇರಿದ ಮರಳು ಒರೆಸಿ, ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬುತ್ತದೆ. ತೆಂಗಿನೆಣ್ಣೆಯನ್ನು ಅಡುಗೆಮನೆಯಲ್ಲೇ ಬಿಡಿ.

ಸ್ಟ್ರೈನರಿಗೆ ಬಾಯಿತನಕ ನೀರು ತುಂಬಿಸಿ, ಮುಚ್ಚಳ ಕೈಯಿಂದಲೇ ಬಿಗಿದು, ವಾಲ್ವ್ ತೆರೆದು, ಫಿಲ್ಟರಿನ ಗಾಳಿ ಬಿಡುವ ತಿರುಪು ಸಡಿಲಿಸಿ ಪಂಪು ಹಾಕಿ. ಎರಡು ಮೂರು ನಿಮಿಷದಲ್ಲಿ ನೀರು ಹಿಡಿಯಬೇಕು. ಐದು ನಿಮಿಷವಾದರೂ ಹಿಡಿಯದಿದ್ದರೆ ಆಫ್ ಮಾಡಿ. ನೀರಿಲ್ಲದೆ ಓಡಿದರೆ ಮೋಟರಿನ ಕಡೆಗೆ ನೀರು ಹೋಗದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಸುಡುತ್ತದೆ. ಅಷ್ಟೇ ಅಲ್ಲ, ಪಂಪಿನ ಬಾಯಿಗೆ ತಿರುಗಿಸಿ ಕೂರಿಸಿದ ಪಿವಿಸಿ ಥ್ರೆಡ್ ಬಿಸಿಗೆ ಕುಗ್ಗಿ, ಅಲ್ಲಿಂದಲೇ ಹೊಸದಾಗಿ ಗಾಳಿ ಹೋಗುತ್ತದೆ. ಸಂಶಯವಿರುವ ಜಾಯಿಂಟಿಗೆ ಪಂಪು ಓಡುವಾಗ ಶೇವಿಂಗ್ ನೊರೆ ಹಚ್ಚಿ. ಸೋರುವಲ್ಲಿ ನೊರೆ ಒಳಗೆ ಹೋಗಿ ಗುಳಿ ಬೀಳುತ್ತದೆ. ಎಳೆಯುವ ಕಡೆಯ ಪೈಪು ಓಡುವಾಗ ಹೊರಗೆ ಹನಿ ಹಾಕುವುದಿಲ್ಲ, ಹಾಗಾಗಿ ನೆಲ ಒಣಗಿದೆ ಎಂದು ಸಮಾಧಾನ ಪಡಬೇಡಿ.

ಈಗ ಆ ಎರಡು ಎಚ್‌ಪಿ ವಿಷಯ. ಎಚ್‌ಪಿ ಹೆಚ್ಚಿದರೆ ಎಲ್ಲ ಸರಿಯಾಗುತ್ತದೆ ಎಂಬ ನಂಬಿಕೆ ಬಂದದ್ದು ತೋಟದಿಂದ. ಬಾವಿಯಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಏರಿಸಬೇಕಾದರೆ ಎತ್ತರ ಹೆಚ್ಚಿದಂತೆ ಎಚ್‌ಪಿಯೂ ಹೆಚ್ಚಬೇಕು, ಆ ಲೆಕ್ಕ ಸರಿ. ಪೂಲ್ ಪಂಪು ನೀರನ್ನು ಎಲ್ಲಿಗೂ ಏರಿಸುವುದಿಲ್ಲ ಮಾರಾಯ್ರೆ! ತೆಗೆದ ನೀರು ಅದೇ ಪೂಲಿಗೆ ವಾಪಸು. ಪಂಪಿಗೆ ಇರುವುದು ಪೈಪು, ವಾಲ್ವ್, ಮರಳಿನ ಫಿಲ್ಟರ್ ಕೊಡುವ ತಡೆ ಮಾತ್ರ. ಮತ್ತು ಆ ತಡೆ ಹರಿವಿನ ವರ್ಗಕ್ಕೆ ಹತ್ತಿರವಾಗಿ ಏರುತ್ತದೆ: ಹರಿವು ಒಂದೂವರೆ ಪಟ್ಟಾದರೆ ತಡೆ ಎರಡೂಕಾಲು ಪಟ್ಟು.

ಲೆಕ್ಕ ಹಾಕಿ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ ಎಂದರೆ ಸುಮಾರು 45,000 ಲೀಟರ್. ಆರು ಗಂಟೆಯಲ್ಲಿ ಒಂದು ಸುತ್ತು ಹಾಕಲು ಗಂಟೆಗೆ 7,500 ಲೀಟರ್ ಸಾಕು. ಒಂದೂವರೆ ಇಂಚಿನ ಪೈಪು ಸಲೀಸಾಗಿ ಒಯ್ಯುವುದೂ ಸುಮಾರು ಅಷ್ಟೇ. ಇದಕ್ಕೆ ಮುಕ್ಕಾಲು ಎಚ್‌ಪಿಯೇ ಧಾರಾಳ. ಅದೇ ಪೈಪಿಗೆ ಎರಡು ಎಚ್‌ಪಿ ಕೂರಿಸಿದರೆ ಎಳೆತ ಜೋರಾಗಿ, ಮೊದಲು ಸಣ್ಣದಾಗಿ ಸೋರುತ್ತಿದ್ದ ಓ-ರಿಂಗಿನಲ್ಲಿ ಇನ್ನಷ್ಟು ಗಾಳಿ ಹೋಗುತ್ತದೆ. ಇಂಪೆಲ್ಲರಿನ ಬಾಯಲ್ಲಿ ನೀರೇ ಆವಿಯಾಗಿ, ಡಬ್ಬದಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. 500 ಮಿಲಿಮೀಟರಿನ ಫಿಲ್ಟರಿನಲ್ಲಿ ನೀರು ಮರಳನ್ನು ಸೀಳಿಕೊಂಡು ಓಡಿ ಕಸ ಹಾಗೇ ದಾಟುತ್ತದೆ, ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಿದರೆ ಮರಳು ಚರಂಡಿಗೆ. ಈಗಿನ ಒಂದು ಎಚ್‌ಪಿಯಲ್ಲಿ ಆರು ಗಂಟೆಗೆ ಸುಮಾರು 6 ಯೂನಿಟ್ ಇದ್ದ ಕರೆಂಟು 12ರ ಹತ್ತಿರ. ಎಲ್ಲಕ್ಕಿಂತ ಮುಖ್ಯ: ತಳದಲ್ಲಿ ಒಂದೇ ಡ್ರೈನ್ ಇರುವ ಪೂಲಿನಲ್ಲಿ ಎಳೆತ ಹೆಚ್ಚಿಸುವುದೆಂದರೆ ಮಕ್ಕಳ ಕೂದಲು, ಕೈ ಸಿಕ್ಕಿಕೊಳ್ಳುವ ಅಪಾಯ ಹೆಚ್ಚಿಸುವುದು. ಇಷ್ಟೆಲ್ಲ ಒಂದು ಓ-ರಿಂಗ್ ಬಿಚ್ಚಿ ನೋಡಲು ಸೋಮಾರಿತನ ಮಾಡಿದ್ದಕ್ಕೆ.

ಫಿಲ್ಟರಿನ ಗೇಜ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ತೊಳೆದ ಮರುದಿನದ ಒತ್ತಡವನ್ನು ಪೆನ್ನಿನಲ್ಲಿ ಅಲ್ಲೇ ಬರೆದಿಡಿ. ಅದಕ್ಕಿಂತ 8-10 ಪಿಎಸ್‌ಐ ಏರಿದರೆ ಫಿಲ್ಟರ್ ಕಟ್ಟಿದೆ, ಬ್ಯಾಕ್‌ವಾಶ್ ಮಾಡಿ. ಇಳಿದರೆ ದೋಷ ಪಂಪಿನ ಹಿಂದೆ, ಎಳೆಯುವ ಕಡೆ. ಫಿಲ್ಟರಿನ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿ ತಿರುಗಿಸುವಾಗ ಪಂಪು ಆಫ್ ಇರಲೇಬೇಕು.

ಮೋಟರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಮೋಟರನ್ನು ಶುರು ಮಾಡಿಸುವ ಕೆಪಾಸಿಟರ್ ಹೋಗಿರಬೇಕು ಅಥವಾ ಇಂಪೆಲ್ಲರ್ ಜಾಮ್. ಪಂಪಿಗೂ ಮೋಟರಿಗೂ ನಡುವೆ ಹನಿ ಬಿದ್ದರೆ ಸೀಲ್ ಹೋಗಿದೆ. ಕೆಪಾಸಿಟರಿಗೆ ಎಲೆಕ್ಟ್ರಿಷಿಯನ್ ಬರಲಿ, ಕರೆಂಟು ತೆಗೆದ ಮೇಲೂ ಅದು ಹೊಡೆಯುತ್ತದೆ. ಹೊಸತಕ್ಕೆ ಹಳೆಯದರ ಮೈಕ್ರೋಫ್ಯಾರಡ್ ಸಂಖ್ಯೆಯೇ ಇರಬೇಕು. ಮಳೆಗಾಲದಲ್ಲಿ 30 ಮಿಲಿಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಪದೇ ಪದೇ ಬಿದ್ದರೆ ಅದನ್ನು ತಪ್ಪಿಸಿ ನೇರ ಕನೆಕ್ಷನ್ ಕೊಡುವವರಿಗೆ ಹೇಳಲು ನನ್ನ ಹತ್ತಿರ ಒಳ್ಳೆಯ ಮಾತಿಲ್ಲ. ಟರ್ಮಿನಲ್ ಪೆಟ್ಟಿಗೆಗೆ ತೇವ ಹೋಗಿದೆ, ಮಲ್ಪೆ, ಸುರತ್ಕಲ್ ಕಡೆಯಾದರೆ ಉಪ್ಪುಗಾಳಿಯೂ ಸೇರಿದೆ. ಒಣಗಿಸಿ, ತುಕ್ಕು ಹಿಡಿದ ಲಗ್ ಬದಲಿಸಿ.

ಯಾರೂ ಕೇಳದಿದ್ದರೂ ಇದೊಂದು ಹೇಳಬೇಕು. ಬೋರ್‌ವೆಲ್ ನೀರು ತುಂಬಿಸಿ ಕ್ಲೋರಿನ್ ಹಾಕಿದ ಕೂಡಲೇ ಪೂಲ್ ಚಾದ ಬಣ್ಣಕ್ಕೆ ತಿರುಗಿದರೆ ಅದಕ್ಕೂ ಪಂಪನ್ನೇ ಬೈಯುತ್ತಾರೆ. ಅದು ನೀರಿನಲ್ಲಿ ಕರಗಿದ್ದ ಕಬ್ಬಿಣ. ಕೆಂಪುಕಲ್ಲಿನ ನೆಲದಲ್ಲಿ ಇದು ಹೊಸತಲ್ಲ. ಕ್ಲೋರಿನ್ ತಾಗಿದಾಗ ತುಕ್ಕಾಗಿ ಹೊರಬೀಳುತ್ತದೆ. 45,000 ಲೀಟರಿಗೆ ಸುಮಾರು ಒಂದು ಕಿಲೋ ಪಟಿಕವನ್ನು ಬಕೆಟಿನಲ್ಲಿ ಕರಗಿಸಿ ಸುತ್ತ ಚೆಲ್ಲಿ, ಮಲ್ಟಿಪೋರ್ಟ್ ವಾಲ್ವನ್ನು ರೀಸರ್ಕ್ಯುಲೇಟಿನಲ್ಲಿಟ್ಟು (ಆಗ ನೀರು ಮರಳಿಗೆ ಹೋಗದೆ ಸುತ್ತುತ್ತದೆ) ಒಂದು ಗಂಟೆ ಓಡಿಸಿ, ರಾತ್ರಿಯಿಡೀ ಪಂಪು ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕೂತ ಕೆಸರನ್ನು ವಾಲ್ವ್ ವೇಸ್ಟಿಗೆ ತಿರುಗಿಸಿ ವ್ಯಾಕ್ಯೂಮ್ ಮಾಡಿ, ಫಿಲ್ಟರಿನ ಮೂಲಕ ಬೇಡ, ಮರಳು ಕಟ್ಟುತ್ತದೆ. ಆ ನೀರನ್ನು ಅಡಿಕೆ ಬುಡಕ್ಕೆ ಬಿಡಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ.