ಮೊಲ ನನಗೆ ಕಾಣಲೇ ಇಲ್ಲ

ಹಿಂಗಾರಿ ಜೋಳ ಕೊಯ್ದಾದ ಮೇಲೆ ನಮ್ಮ ಕಡೆಯ ಎರೆ ಹೊಲ ಪೂರ್ತಿ ಬಯಲಾಗುತ್ತದೆ. ಜೋಳದ ಕೂಳೆ, ಬಿರುಕು ಬಿಟ್ಟ ಮಣ್ಣು, ಬದುವಿನ ಮೇಲೆ ಒಂದೆರಡು ಜಾಲಿ ಗಿಡ, ಅಷ್ಟೇ. ಅಂಥ ಬಯಲಲ್ಲಿ ಒಂದು ಬೆಳಿಗ್ಗೆ ನಮ್ಮ ಮುಧೋಳ ನಾಯಿ ಚಂದ್ರಿಯ ಹಗ್ಗ ಬಿಚ್ಚಿಬಿಟ್ಟಿದ್ದೆ. ತಪ್ಪು ನನ್ನದೇ. ನಡೆಯುತ್ತಿದ್ದವಳು ನಿಂತಳು. ಮುಂಗಾಲು ಒಂದನ್ನು ಎತ್ತಿದಳು. ಆಮೇಲೆ ಅಲ್ಲಿ ದೂಳು ಮಾತ್ರ ಇತ್ತು. ಅವಳು ಅಟ್ಟಿದ ಮೊಲ ನನಗೆ ಕೊನೆಗೂ ಕಾಣಲೇ ಇಲ್ಲ.

ಹತ್ತು ನಿಮಿಷದ ಮೇಲೆ ನಾಲಿಗೆ ಚಾಚಿಕೊಂಡು ವಾಪಸ್ ಬಂದಳು. ಬಾಯಿ ಖಾಲಿ. ತೊಡೆಯ ಮೇಲೆ ಮುಳ್ಳುತಂತಿ ಹರಿದ ಗಾಯ, ಗೇಣುದ್ದ. ಆ ಒಂದು ಬೆಳಿಗ್ಗೆ ಅವಳ ಜಾತಿಯ ಬಗ್ಗೆ ನನಗೆ ತುಂಬಾ ಪಾಠ ಹೇಳಿತು.

ಮೊದಲು ಕಣ್ಣಿನ ಮಾತು. ಬೇಟೆ ನಾಯಿಗಳಲ್ಲಿ ಮೂಸಿ ಹುಡುಕುವ ಜಾತಿಗಳಿವೆ, ನೋಡಿ ಅಟ್ಟುವ ಜಾತಿಗಳಿವೆ. ಗ್ರೇಹೌಂಡ್, ಸಲೂಕಿ, ನಮ್ಮ ಮುಧೋಳ ಎಲ್ಲ ಎರಡನೆಯ ಗುಂಪು. ಉದ್ದ ಮೂತಿ, ಸಣ್ಣ ತಲೆ, ಪಕ್ಕಕ್ಕೆ ಸರಿದ ಕಣ್ಣು. 2004ರಲ್ಲಿ ಸಿಡ್ನಿಯ ಸಂಶೋಧಕರು ಬೇರೆ ಬೇರೆ ಜಾತಿಯ ನಾಯಿಗಳ ಕಣ್ಣಿನ ಒಳಪರದೆ ಪರೀಕ್ಷಿಸಿ ಒಂದು ಸೋಜಿಗ ಬಯಲಿಗೆ ತಂದರು. ಮಿದುಳಿಗೆ ಸುದ್ದಿ ಕಳಿಸುವ ನರಕೋಶಗಳು ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ನಡುವೆ ಒಂದು ಚುಕ್ಕೆಯಂತೆ ಗುಂಪಾಗಿರುತ್ತವೆ. ಮೂತಿ ಉದ್ದವಾದಷ್ಟೂ ಅವು ಅಡ್ಡಲಾಗಿ ಒಂದು ಪಟ್ಟಿಯ ಹಾಗೆ ಹರಡಿಕೊಂಡಿರುತ್ತವೆ. ಅಂದರೆ ಪಗ್ ಎದುರಿಗಿದ್ದವರ ಮುಖ ನೋಡುವುದಕ್ಕೆ ಸರಿ. ಚಂದ್ರಿಯ ಕಣ್ಣಿಗೆ ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆ. ಆ ಗೆರೆಯ ಮೇಲೆ ಏನು ಅಲುಗಿದರೂ ಸಾಕು.

ಬಣ್ಣದ ವಿಷಯದಲ್ಲಿ ಮಾತ್ರ ಅವಳು ನನಗಿಂತ ಬಡವಿ. ಯಾವ ನಾಯಿಗೂ ಕೆಂಪು ಹಸಿರು ಬೇರೆ ಬೇರೆಯಾಗಿ ಗೊತ್ತಾಗುವುದಿಲ್ಲ. ಕೆಂಪು ಚೆಂಡು ಹುಲ್ಲಿನಲ್ಲಿ ಬಿದ್ದರೆ ಅದರ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಾಳೆ.

ಇನ್ನು ಓಟ. ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ಹೆಜ್ಜೆಸುತ್ತಿನಲ್ಲಿ ಒಮ್ಮೆ ಮಾತ್ರ ಪೂರ್ತಿ ಗಾಳಿಯಲ್ಲಿರುತ್ತದೆ. ಈ ನಾಯಿಗಳು ಎರಡು ಸಲ. ನಾಲ್ಕೂ ಕಾಲು ಹೊಟ್ಟೆಯಡಿ ಮಡಚಿಕೊಂಡಾಗ ಒಮ್ಮೆ, ಹಿಂದೆ ಮುಂದೆ ಪೂರ್ತಿ ಚಾಚಿಕೊಂಡಾಗ ಇನ್ನೊಮ್ಮೆ. ಚೀತಾ ಓಡುವುದೂ ಹೀಗೇ. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ರೇಸಿನ ಗ್ರೇಹೌಂಡ್ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಓಡುತ್ತದೆ.

ನನಗೆ ಇದಕ್ಕಿಂತ ಹೆಚ್ಚು ಇಷ್ಟವಾಗಿದ್ದು ತಿರುವಿನ ಕತೆ. ಮನುಷ್ಯ ತಿರುವಿನಲ್ಲಿ ಓಡುವಾಗ ಕಾಲಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಅದನ್ನು ತಾಳಲಾರದೆ ವೇಗ ಕಡಿಮೆ ಮಾಡುತ್ತಾನೆ. 2005ರಲ್ಲಿ ಲಂಡನ್ನಿನ ಇಬ್ಬರು ವಿಜ್ಞಾನಿಗಳು ಗ್ರೇಹೌಂಡ್‌ಗಳನ್ನು ಅಳೆದು ನೋಡಿದರು. ತಿರುವಿನಲ್ಲಿ ಅವುಗಳ ಕಾಲಿನ ಮೇಲೆ ನೂರಕ್ಕೆ 65ರಷ್ಟು ಹೆಚ್ಚು ಬಲ ಬೀಳುತ್ತದೆ. ಆದರೂ ವೇಗ ಇಳಿಯುವುದಿಲ್ಲ. ಕಾರಣ ಹೀಗೆ: ಸೈಕಲ್ ತುಳಿಯುವಾಗ ನಮ್ಮ ಮೈಭಾರವನ್ನು ಹೊರುವುದು ಸೀಟು, ಕಾಲಿನ ಕೆಲಸ ತುಳಿಯುವುದಷ್ಟೇ. ಗ್ರೇಹೌಂಡ್‌ನಲ್ಲೂ ಭಾರ ಹೊರುವ ಕೆಲಸ ಬೇರೆ, ಮುಂದಕ್ಕೆ ದೂಡುವ ಕೆಲಸ ಬೇರೆ. ದೂಡುವ ಶಕ್ತಿ ಬರುವುದು ಸೊಂಟ ಮತ್ತು ಬೆನ್ನಿನ ಸ್ನಾಯುಗಳಿಂದ. ಮೊಲ ಥಟ್ಟನೆ ಅಡ್ಡ ಹೊರಳುವುದರಲ್ಲಿ ಪಳಗಿದ ಪ್ರಾಣಿ ಅಲ್ವಾ? ಅದರ ಬೆನ್ನು ಹತ್ತುವವರಿಗೆ ಇಂಥ ಮೈಕಟ್ಟೇ ಬೇಕು.

ಆದರೆ ಈ ಎಂಜಿನ್ ಅರ್ಧ ನಿಮಿಷದ್ದು. ಓಡಿ ಮುಗಿಸಿದ ಗ್ರೇಹೌಂಡ್‌ನ ಮೈಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬೆಳೆದ ನಾಯಿಯನ್ನು ಮೋಟಾರ್‌ಸೈಕಲ್ಲಿಗೆ ಕಟ್ಟಿ ಡಾಂಬರು ರಸ್ತೆಯಲ್ಲಿ ಓಡಿಸುವವರನ್ನು ನೋಡಿದ್ದೇನೆ. ನೋಡಿದರೆ ಸಿಟ್ಟು ಬರುತ್ತದೆ. ದಿನಾ ಎರಡು ಹೊತ್ತು ನಡಿಗೆ, ತಂಪಿನ ಹೊತ್ತಲ್ಲಿ ಬೇಲಿ ಇರುವ ಜಾಗದಲ್ಲಿ ಎರಡು ಮೂರು ಓಟ. ಉಳಿದ ಹೊತ್ತು ಚಂದ್ರಿ ಕಂಬಳಿ ಮೇಲೆ ಕಾಲು ಚಾಚಿ ಬಿದ್ದಿರುತ್ತಾಳೆ. ಮೊದಲ ವಾರ ಜ್ವರ ಬಂದಿದೆಯೇನೋ ಅಂದುಕೊಂಡಿದ್ದೆ.

ಬೀದಿಯಲ್ಲಿ ಹೊರಟರೆ ವಾರಕ್ಕೊಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ. "ಏನ್ರೀ, ನಾಯಿಗೆ ಹೊಟ್ಟಿಗೆ ಹಾಕೂದಿಲ್ಲೇನ್ರೀ?" ಪಕ್ಕೆಲುಬು ಕಾಣುವುದು ನಿಜ. ಕೊಬ್ಬೇ ಕಡಿಮೆ. ಒಳಗಿನ ಮೆತ್ತನೆ ಕೂದಲೂ ಇಲ್ಲ, ಚರ್ಮ ಕಾಗದದಷ್ಟು ತೆಳು. ಮುಳ್ಳುತಂತಿಗೆ ಅದು ಯಾವ ಲೆಕ್ಕ?

ಹೊಲಿಗೆ ಹಾಕಿಸಲು ಹೋದಾಗ ಪಶುವೈದ್ಯರು ಗಾಯಕ್ಕಿಂತ ಮೊದಲು ಅವಳ ಮೈಕಟ್ಟು ನೋಡಿದರು. ಮಂಪರು ಬರಿಸಲು ಹಿಂದೆ ಹೆಚ್ಚಾಗಿ ಬಳಸುತ್ತಿದ್ದ ಥಯೋಪೆಂಟಾಲ್ ಎಂಬ ಔಷಧ ಗ್ರೇಹೌಂಡ್‌ಗಳಿಗೆ ಆಗಿಬರುವುದಿಲ್ಲ. ಬೇರೆ ನಾಯಿಗಳಲ್ಲಿ ಆ ಔಷಧ ಮಿದುಳಿನಿಂದ ಹೊರಬಂದು ಸ್ನಾಯು, ಕೊಬ್ಬಿನೊಳಗೆ ಇಳಿಯುತ್ತದೆ, ನಾಯಿ ಏಳುತ್ತದೆ. ಇಲ್ಲಿ ಇಳಿಯಲು ಕೊಬ್ಬೇ ಸಾಲದು. ಜೊತೆಗೆ ಅದನ್ನು ಒಡೆಯುವ ಯಕೃತ್ತಿನ ಕಿಣ್ವದ ಕೆಲಸವೂ ನಿಧಾನ. ನಾಯಿ ಗಂಟೆಗಟ್ಟಲೆ ಏಳದೇ ಮಲಗಿಬಿಡಬಹುದು. ಈ ಪರೀಕ್ಷೆಗಳು ನಡೆದದ್ದು ಗ್ರೇಹೌಂಡ್ ಮೇಲೆ. ಆದರೂ ಅದೇ ಮೈಕಟ್ಟಿನ ಮುಧೋಳಕ್ಕೂ ಅದೇ ಎಚ್ಚರ ಒಳ್ಳೆಯದು ಎಂದು ಅವರು ಬೇರೆ ಔಷಧ ಆರಿಸಿಕೊಂಡರು. ರಕ್ತಪರೀಕ್ಷೆಯಲ್ಲೂ ಹೀಗೇ ಮೋಸ ಹೋಗಬಹುದು. ಗ್ರೇಹೌಂಡ್ ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ 60 ದಾಟುವುದುಂಟು. ಬೇರೆ ನಾಯಿಯಲ್ಲಿ ಅಷ್ಟಿದ್ದರೆ ಕಾಯಿಲೆ ಅನ್ನಬೇಕು.

ಇಂಗ್ಲೆಂಡಿನ ಹಳ್ಳಿಗರು ಇಂಥ ನಾಯಿಯ ಇನ್ನೊಂದು ರೂಪ ಮಾಡಿಕೊಂಡರು. ಗ್ರೇಹೌಂಡ್ ಅಥವಾ ವಿಪೆಟ್ ಜೊತೆ ಕುರಿ ಕಾಯುವ ಕೋಲಿಯನ್ನೋ ಟೆರಿಯರನ್ನೋ ಕೂಡಿಸಿದರೆ ಹುಟ್ಟುವುದು ಲರ್ಚರ್. ಅದು ಒಂದು ಜಾತಿ ಅಲ್ಲ, ಒಂದು ಬಗೆ. ಓಟ ಸ್ವಲ್ಪ ಕಡಿಮೆಯಾದರೂ ಮಾತು ಕೇಳುವ ಗುಣ ಬರಲಿ ಎಂಬ ಲೆಕ್ಕ. ಅಲ್ಲಿ 2004ರ ಕಾಯ್ದೆ ನಾಯಿ ಬಿಟ್ಟು ಮೊಲ ಅಟ್ಟಿಸುವ ಪಂದ್ಯಗಳನ್ನು ನಿಲ್ಲಿಸಿತು. ಹೆಸರಾಂತ ವಾಟರ್‌ಲೂ ಕಪ್ ಕೊನೆಯ ಬಾರಿ ನಡೆದದ್ದು 2005ರಲ್ಲಿ. ಈಗ ಬಹಳಷ್ಟು ಲರ್ಚರ್‌ಗಳ ಕೆಲಸ ಯಜಮಾನರ ಜೊತೆ ಗುಡ್ಡ ಹತ್ತುವುದು, ಸೋಫಾ ಮೇಲೆ ಮಲಗುವುದು.

ನಮ್ಮಲ್ಲಂತೂ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯೇ ಅಡ್ಡ ಇದೆ. ಅವತ್ತು ಮೊಲ ಸಿಕ್ಕಿದ್ದರೆ ಕಟಕಟೆಯಲ್ಲಿ ನಿಲ್ಲಬೇಕಾಗಿದ್ದವನು ನಾನು, ಚಂದ್ರಿ ಅಲ್ಲ. ಮುಧೋಳದ ಘೋರ್ಪಡೆ ರಾಜರು ಬೆಳೆಸಿದ ಈ ನಾಯಿ ಈಗ ಬೇರೆ ದಾರಿ ಹುಡುಕಿಕೊಂಡಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದರ ತಳಿ ಕಾಯುತ್ತಿದೆ.

ನಾನು ಹುಡುಕಿಕೊಂಡ ದಾರಿ ಮೂವತ್ತು ಅಡಿ ಹಗ್ಗ. ಕೊರಳಿಗೆ ಅಗಲ ಪಟ್ಟಿ, ಎಳೆದರೆ ತುಸು ಬಿಗಿಯಾಗುವಂಥದ್ದು. ಯಾಕೆಂದರೆ ಇವುಗಳ ಕುತ್ತಿಗೆ ತಲೆಗಿಂತ ದಪ್ಪ, ಸಾದಾ ಪಟ್ಟಿಯಿಂದ ಸಲೀಸಾಗಿ ಜಾರಿಕೊಳ್ಳುತ್ತವೆ. ಹಗ್ಗದ ತುದಿಯನ್ನು ಮಾತ್ರ ಅಲ್ಲ, ಅವಳ ಕಿವಿಯನ್ನೂ ನೋಡುತ್ತಾ ನಡೆಯುತ್ತೇನೆ. ಕಿವಿ ನೆಟ್ಟಗಾದರೆ ಹಗ್ಗ ಗಿಡ್ಡ ಮಾಡಬೇಕು. ಓಟ ಶುರುವಾದ ಮೇಲೆ ಕೂಗಿ ಪ್ರಯೋಜನ ಇಲ್ಲ.

ಮೊನ್ನೆ ಸಂಜೆ ಅದೇ ಬದುವಿನ ಮೇಲೆ ಮತ್ತೆ ನಿಂತಳು. ಮುಂಗಾಲು ಮೇಲೆ, ಮೈಯೆಲ್ಲ ನಡುಕ. ನಾನು ಹಗ್ಗವನ್ನು ಮೊಣಕೈಗೆ ಎರಡು ಸುತ್ತು ಸುತ್ತಿ, ಅವಳ ಮೂತಿಯ ದಿಕ್ಕು ಹಿಡಿದು ಕಣ್ಣು ಕಿರಿದು ಮಾಡಿ ನೋಡಿದೆ. ಏನೂ ಇಲ್ಲ. ಇಬ್ಬರೂ ಹಾಗೇ ನಡೆದೆವು, ಒಂದು ಹೊಲ, ಎರಡು ಹೊಲ. ಮೂರನೆಯ ಹೊಲದ ಜಾಲಿ ಮುಳ್ಳಿಗೆ ಸಿಕ್ಕಿ ಪಟಪಟ ಬಡಿದುಕೊಳ್ಳುತ್ತಿತ್ತು, ಒಂದು ಬಿಳಿ ಪ್ಲಾಸ್ಟಿಕ್ ಚೀಲ.