ಪೊರೆ ಒಂದೇ, ಆಪರೇಷನ್ ದೇಶಕ್ಕೊಂದು ಥರ

ಕಣ್ಣಿನ ಪೊರೆ ಆಪರೇಷನ್ ಅಂದರೆ ಈಗ ಎಲ್ಲರ ಬಾಯಲ್ಲೂ ಫೇಕೋ, ಅಂದರೆ ಮಷೀನಿನಿಂದ ಪೊರೆ ತೆಗೆಯುವ ವಿಧಾನ. ಮಷೀನ್ ಇಲ್ಲದಿದ್ದರೆ ಅದು ಹಳೇ ಕಾಲದ್ದು, ಬಡವರದ್ದು ಅಂತ ತುಂಬಾ ಜನ ನಂಬಿದ್ದಾರೆ. ಇದು ತಪ್ಪು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಸಲ ಕಣ್ಣೊಳಗೆ ಲೆನ್ಸ್ ಕೂರಿಸಿದರು. ಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದ ಕಾಕ್‌ಪಿಟ್ ಪ್ಲಾಸ್ಟಿಕ್ ಚೂರು ಏನೂ ತೊಂದರೆ ಕೊಡದೆ ಒಳಗೇ ಉಳಿದಿದ್ದನ್ನು ನೋಡಿ ಹೊಳೆದ ಉಪಾಯ ಅದು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ತಂದರು. ನಮ್ಮಲ್ಲಿ ಆಗ ಡಾ. ಎಂ.ಸಿ. ಮೋದಿಯವರ ಶಿಬಿರಗಳ ಕಾಲ. ಊರೂರಿಗೆ ಹೋಗಿ ಸಾವಿರಾರು ಜನರಿಗೆ ದೃಷ್ಟಿ ಕೊಟ್ಟ ಪುಣ್ಯಾತ್ಮರು ಅವರು. ಆದರೆ ಆ ಕಾಲದ ಶಿಬಿರಗಳಲ್ಲಿ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಇರುತ್ತಿರಲಿಲ್ಲ, ಸೋಡಾಬುಡ್ಡಿ ಕನ್ನಡಕವೇ ಗತಿ, ಅದು ಒಡೆದರೆ ಅಜ್ಜಿ ಮತ್ತೆ ತಡಕಾಡಿಕೊಂಡೇ ಓಡಾಡಬೇಕು.

ಹೊರದೇಶದ ಲೆನ್ಸ್ ದುಬಾರಿ. 1992ರಲ್ಲಿ ಮದುರೈನ ಅರವಿಂದ್ ಕಣ್ಣಾಸ್ಪತ್ರೆಯವರು ಅರೋಲ್ಯಾಬ್ ಶುರುಮಾಡಿ ಲೆನ್ಸನ್ನು ತಾವೇ ತಯಾರಿಸಿದರು, ಬೆಲೆ ಬಿತ್ತು. ಇನ್ನು ಉಳಿದದ್ದು ಮಷೀನಿನ ಖರ್ಚು. ಅದಕ್ಕೆ ದಾರಿ, ಬಿಳಿಗುಡ್ಡೆಯಲ್ಲಿ ಸುಮಾರು 6-7 ಮಿ.ಮೀ. ಅಗಲದ ಓರೆ ಸುರಂಗ ಕೊರೆದು ಗಟ್ಟಿ ಪೊರೆಯನ್ನು ಇಡಿಯಾಗಿ ಹೊರತೆಗೆಯುವುದು. ಒಳಗಿನ ಒತ್ತಡಕ್ಕೇ ಗಾಯ ಮುಚ್ಚಿಕೊಳ್ಳುತ್ತದೆ, ಸಾಮಾನ್ಯವಾಗಿ ಹೊಲಿಗೆಯೇ ಬೇಕಿಲ್ಲ. ನೇಪಾಳದ ಸಂದೂಕ್ ರುಯಿತ್ ಇದರಲ್ಲಿ ಪಳಗಿದ ಕೈ. ಅವರ ಈ ವಿಧಾನವನ್ನೂ ಅಮೆರಿಕದ ಡೇವಿಡ್ ಚಾಂಗ್ ಮಾಡಿದ ಫೇಕೋವನ್ನೂ ನೇಪಾಳದಲ್ಲೇ 108 ರೋಗಿಗಳ ಮೇಲೆ ಹೋಲಿಸಿ ನೋಡಿದರು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಎರಡೂ ಕಡೆ 98% ಜನರಿಗೆ ಒಳ್ಳೆಯ ದೃಷ್ಟಿ. ಸಮಯ ಮಾತ್ರ ಸುರಂಗಕ್ಕೆ ಸರಾಸರಿ 9 ನಿಮಿಷ, ಫೇಕೋಗೆ ಹದಿನೈದಕ್ಕಿಂತ ಜಾಸ್ತಿ!

ಹಾಗಾದರೆ ಅಮೆರಿಕದಲ್ಲಿ ಯಾಕೆ ಇದನ್ನು ಮಾಡಲ್ಲ? ಅಲ್ಲಿ ಪೊರೆ ಮೆತ್ತಗಿರುವಾಗಲೇ ಜನ ಬರುತ್ತಾರೆ, ಅದಕ್ಕೆ ಫೇಕೋನೇ ಸರಿ. ಗಾಯ ಸಣ್ಣದು, ಬೇಗ ಚೇತರಿಕೆ. ನಮ್ಮ ಹಳ್ಳಿಯವರು ಬರುವುದು ಪೊರೆ ಕಲ್ಲಾದ ಮೇಲೆ, ಅಲ್ವಾ?

ಎಲ್ಲ ವ್ಯತ್ಯಾಸಕ್ಕೂ ಇಂಥ ನ್ಯಾಯವಾದ ಕಾರಣ ಇಲ್ಲ. ಆಪರೇಷನ್ ಕೊನೆಗೆ ಕಣ್ಣೊಳಗೇ ಆ್ಯಂಟಿಬಯೋಟಿಕ್ ಹಾಕಿದರೆ ಸೋಂಕು ತುಂಬಾ ಕಡಿಮೆಯಾಗುತ್ತದೆ ಅಂತ 2007ರಲ್ಲೇ ಯುರೋಪಿನ ದೊಡ್ಡ ಅಧ್ಯಯನ ತೋರಿಸಿತು. ಸ್ವೀಡನ್‌ನಲ್ಲಿ ಅದಕ್ಕೂ ಮೊದಲೇ ರೂಢಿಯಿತ್ತು, ಅರವಿಂದ್‌ನವರೂ ಮಾಡುತ್ತಾರೆ. ಅಮೆರಿಕದಲ್ಲಿ ಮಾತ್ರ ಅದಕ್ಕೆಂದೇ ಮಂಜೂರಾದ ಔಷಧಿ ಇಲ್ಲದೆ ಎಷ್ಟೋ ಡಾಕ್ಟರುಗಳು ವರ್ಷಗಟ್ಟಲೆ ಬರೀ ಡ್ರಾಪ್ಸ್ ನೆಚ್ಚಿಕೊಂಡರು. ಎರಡೂ ಕಣ್ಣಿಗೆ ಒಂದೇ ದಿನ ಮಾಡುವುದು ಫಿನ್‌ಲ್ಯಾಂಡ್‌ನಲ್ಲಿ ಮಾಮೂಲು. ಅಮೆರಿಕದಲ್ಲಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಹಾಗೆ ಮಾಡಿದರೆ ಎರಡನೇ ಕಣ್ಣಿಗೆ ಸರ್ಜನ್‌ಗೆ ಅರ್ಧ ದುಡ್ಡು ಮಾತ್ರ ಕೊಡುತ್ತದೆ, ಹಾಗಾಗಿ ಅಲ್ಲಿನ ವಯಸ್ಸಾದವರು ಇನ್ನೊಂದು ಕಣ್ಣಿಗೆ ಇನ್ನೊಂದು ದಿನ ಬರುತ್ತಾರೆ.