ಓಣಿಯ ತೋಟ: ಲಾಭ ಇರುವುದು ಪಲ್ಯದಲ್ಲೋ, ಪಾಳಿಯಲ್ಲೋ?

‘ಸಮುದಾಯ ತೋಟದ ಪ್ರಯೋಜನಗಳು’ ಅಂತ ಪ್ರಶ್ನೆ ಬಂದರೆ ತಾಜಾ ತರಕಾರಿ, ಒಳ್ಳೆಯ ಗಾಳಿ, ಮೈಗೆ ವ್ಯಾಯಾಮ ಅಂತ ಬರೆದು ಮುಗಿಸುವವರೇ ಜಾಸ್ತಿ. ಅದು ತಪ್ಪಲ್ಲ. ಆದರೆ ಇವೆಲ್ಲ ಮನೆಯ ಹಿತ್ತಲಲ್ಲೂ ಸಿಗುತ್ತವೆ, ಅಲ್ವಾ? ಹತ್ತಿಪ್ಪತ್ತು ಮನೆಯವರು ಕೂಡಿ ಮಾಡಿದರೆ ಮಾತ್ರ ಸಿಗುವುದು ಯಾವುದು? ಈ ಟಿಪ್ಪಣಿಯಲ್ಲಿ ಅದನ್ನೇ ಹುಡುಕೋಣ. ಉದಾಹರಣೆಗೆ ನಮ್ಮ ಬಾಗಲಕೋಟೆಯ ನವನಗರವನ್ನು ಇಟ್ಟುಕೊಳ್ಳುತ್ತೇನೆ.

ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿತು. ಅಲ್ಲಿಂದ ಎದ್ದು ಬಂದವರಿಗಾಗಿ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು ನವನಗರ. ಹಳೆಯ ಓಣಿಯಲ್ಲಿ ಮನೆಗೆ ಮನೆ ಹತ್ತಿಕೊಂಡಿತ್ತು. ಕಟ್ಟೆಯ ಮೇಲೆ ಕೂತರೆ ಸಾಕು, ಮಾತಿಗೆ ಯಾರಾದರೂ ಬರುತ್ತಿದ್ದರು. ಇಲ್ಲಿ ರಸ್ತೆ ಅಗಲ, ಕಾಂಪೌಂಡು ಎತ್ತರ, ಪಕ್ಕದ ಮನೆಯವರು ಬೇರೆ ಕಡೆಯಿಂದ ಬಂದವರು. ಸುಮ್ನೆ ಒಬ್ಬರ ಬಾಗಿಲು ಬಡಿದು ಮಾತಾಡಿಸಲು ಸಂಕೋಚ. ಆದರೆ ಮೆಂತ್ಯದ ಮಡಿಗೆ ನೀರು ಹಾಕಲು ಬಂದವರ ಜೊತೆ ಮಾತು ತಾನಾಗಿ ಹುಟ್ಟುತ್ತದೆ. ಮೆಂತ್ಯ ಕೀಳಲು 25ರಿಂದ 30 ದಿನ ಬೇಕು. ಅಷ್ಟರಲ್ಲಿ ಎದುರು ಸಾಲಿನವರ ಹೆಸರು, ಊರು, ಮಕ್ಕಳ ಓದು ಎಲ್ಲ ಗೊತ್ತಾಗಿರುತ್ತದೆ.

ಕೂಡಿ ತೋಟ ಮಾಡಿದರೆ ಮೈಮನಸ್ಸಿಗೂ ಒಳ್ಳೆಯದು ಅನ್ನುವುದಕ್ಕೆ ಆಧಾರ ಇದೆಯೇ ಅಂತ ಕೇಳಿದರೆ ಒಂದು ಒಳ್ಳೆಯ ಅಧ್ಯಯನ ನೆನಪಿಡಿ. ಅಮೆರಿಕದ ಡೆನ್ವರ್ ಸುತ್ತಮುತ್ತ ನಡೆದದ್ದು, 2023ರಲ್ಲಿ ಪ್ರಕಟವಾದದ್ದು. 291 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಗಲೇ ತೋಟದಲ್ಲಿ ಜಾಗ ಸಿಕ್ಕಿತು, ಇನ್ನೊಂದು ಗುಂಪು ಕಾಯಬೇಕಾಯಿತು. ತೋಟ ಸಿಕ್ಕವರು ದಿನಕ್ಕೆ ಸುಮಾರು 1.4 ಗ್ರಾಂ ನಾರಿನಂಶ ಹೆಚ್ಚು ತಿಂದರು, ಮೈ ಬಗ್ಗಿಸಿ ಓಡಾಡಿದ್ದೂ ಹೆಚ್ಚು. ಒತ್ತಡ, ಆತಂಕ ಕಡಿಮೆಯಾಯಿತು. ಗುಂಪು ಮಾಡಿದ ರೀತಿಯನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ. ಮೊದಲೇ ಆರೋಗ್ಯವಾಗಿ ಇರುವವರೇ ತೋಟಕ್ಕೆ ಬರುತ್ತಾರೆ ಅನ್ನುವ ಅನುಮಾನಕ್ಕೆ ಇದು ಉತ್ತರ.

ಈಗ ನೀರು. ನಮ್ಮ ಜಿಲ್ಲೆಯಲ್ಲಿ ತೋಟದ ಮಾತು ಬಂದರೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಬಾಗಲಕೋಟೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿ.ಮೀ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ಅಂದರೆ ಸರಿಯಾಗಿ 1 ಲೀಟರ್. ಇದೊಂದು ತಿಳಿದರೆ ಮುಂದಿನದೆಲ್ಲ ಸುಲಭ. 3 ಮೀಟರ್ ಉದ್ದ, 1 ಮೀಟರ್ ಅಗಲದ 20 ಮಡಿ ಇವೆ ಎನ್ನೋಣ. ಒಟ್ಟು 60 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಬೇಕೆಂದು ಹಿಡಿದರೆ 360 ಲೀಟರ್ ಆಯಿತು. ಇನ್ನು 100 ಚದರ ಮೀಟರ್ ಮಾಳಿಗೆಯ ಮೇಲೆ 550 ಮಿ.ಮೀ. ಮಳೆ ಬಿದ್ದರೆ 55,000 ಲೀಟರ್. ಐದನೇ ಒಂದು ಪಾಲು ಸೋರಿ, ಆರಿ ಹೋದರೂ 44,000 ಉಳಿಯುತ್ತದೆ. ಅಂದರೆ ಒಂದೇ ಮಾಳಿಗೆಯ ಮಳೆ 20 ಮಡಿಗಳಿಗೆ ಸುಮಾರು ನಾಲ್ಕು ತಿಂಗಳ ನೀರು! ಅಷ್ಟೂ ಹಿಡಿದಿಡುವ ಟಾಕಿ ಒಬ್ಬರ ಕೈಲಿ ಆಗುವ ಕೆಲಸವಲ್ಲ. ಇಪ್ಪತ್ತು ಮನೆಯವರು ಕೂಡಿದರೆ ಆ ಮಾತು ಎತ್ತಬಹುದು. ಕೂಡಿ ಮಾಡುವುದರ ಮೊದಲ ನಿಜವಾದ ಲಾಭ ಇದು.

ಆದರೆ ಟಾಕಿ ಒಂದೇ, ಕೊಡ ಇಪ್ಪತ್ತು. ಆಗ ಏನಾಗುತ್ತದೆ? ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಹೇಳಿದ್ದು ಇದನ್ನೇ. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ಇನ್ನೊಂದು ದನ ಬಿಡುತ್ತಾ ಹೋದರೆ ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ನಮ್ಮ ಓಣಿಯ ತೋಟದಲ್ಲಿ ಮೊದಲ ಬೇಸಿಗೆಗೆ ನಾನು ಇದರ ಇನ್ನೊಂದು ಮುಖ ಕಂಡೆ. ಅವರು ನೀರು ಹಾಕಿರಬಹುದು ಅಂತ ಇವರು, ಇವರು ಹಾಕಿರಬಹುದು ಅಂತ ಅವರು. ಒಂದೇ ವಾರಕ್ಕೆ ಸಬ್ಬಸಿಗೆ ಒಣಗಿ ನೆಲ ಹಿಡಿಯಿತು. ಬಹಳ ಬೇಜಾರಾಯಿತು.

ಹಾರ್ಡಿನ್‌ಗೆ ಗಟ್ಟಿ ಉತ್ತರ ಕೊಟ್ಟವರು ಎಲಿನಾರ್ ಆಸ್ಟ್ರಮ್. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, 2009ರಲ್ಲಿ. ಜನ ತಾವೇ ಕೂತು ನಿಯಮ ಮಾಡಿಕೊಂಡು, ತಾವೇ ಕಣ್ಣಿಟ್ಟು ಕಾಯ್ದರೆ ಎಲ್ಲರ ಆಸ್ತಿ ಹಾಳಾಗದೆ ಉಳಿಯುತ್ತದೆ ಎಂದು ಅವರು ಹಲವು ಊರುಗಳ ಉದಾಹರಣೆ ಹಿಡಿದು ತೋರಿಸಿದರು. ಅದರಲ್ಲಿ ಸ್ಪೇನಿನ ವೆಲೆನ್ಸಿಯಾ ನನಗೆ ಬಹಳ ಇಷ್ಟ. ಅಲ್ಲಿ ರೈತರೇ ಆರಿಸಿದ ಪಂಚರು ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಮುಂದೆ ಕೂತು, ಕಾಲುವೆ ನೀರಿನ ಜಗಳವನ್ನು ಬಾಯಿಮಾತಿನಲ್ಲೇ ಬಗೆಹರಿಸುತ್ತಾರೆ. ನಮ್ಮ ಕಟ್ಟೆ ಪಂಚಾಯಿತಿಯ ಹಾಗೇ ಅಲ್ವಾ?

ಆಸ್ಟ್ರಮ್ ಹೇಳಿದ ಎಂಟು ಸೂತ್ರ ಬಾಯಿಪಾಠ ಮಾಡುವ ಬದಲು ತೋಟಕ್ಕೆ ನೀರು ಹಾಕುವ ನಮ್ಮ ಪಾಳಿಗೆ ಹೊಂದಿಸಿ ನೋಡಿ. ಯಾವ ಮಡಿ ಯಾರದು ಎಂಬುದು ಸ್ಪಷ್ಟವಿರಬೇಕು. ಪಾಳಿ ಪಟ್ಟಿಯನ್ನು ಮಡಿ ಇರುವವರೇ ಕೂತು ಬರೆಯಬೇಕು, ಹೊರಗಿನವರಲ್ಲ. ಪಾಳಿ ತಪ್ಪಿಸಿದವರಿಗೆ ಮೊದಲ ಸಲ ಬರೀ ಮಾತು, ಮತ್ತೆ ತಪ್ಪಿಸಿದರೆ ಒಂದು ದಿನದ ಹೆಚ್ಚಿನ ಕೆಲಸ. ಒಮ್ಮೆಲೇ ಹೊರಗೆ ಹಾಕುವುದಲ್ಲ. ಹೊಲದಲ್ಲಿ ಮುಯ್ಯಾಳು ಮಾಡಿ ಬೆಳೆದವರಿಗೆ ಇದು ಹೊಸದಲ್ಲ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ನಮ್ಮ ಅಜ್ಜಿಗೆ ಆಸ್ಟ್ರಮ್ ಗೊತ್ತಿಲ್ಲ, ಆದರೆ ಓಣಿಯ ಪಾಳಿ ಪಟ್ಟಿ ಬರೆಸಿದ್ದು ಅವಳೇ.

ಮಣ್ಣಿನ ಬಗ್ಗೆ ಚಿಕ್ಕದಾಗಿ. ನಮ್ಮ ಎರೆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಡುಗೆಮನೆಯ ಹಸಿ ಕಸ, ಒಣ ಎಲೆ ಕೂಡಿಸಿ ಗೊಬ್ಬರ ಮಾಡಿ ಹಾಕಿದರೆ ಮಣ್ಣು ಸಡಿಲಾಗುತ್ತದೆ, ಬಿರುಕೂ ಕಡಿಮೆ. ಖಾಲಿ ಸೈಟಿನಲ್ಲಿ ಕಟ್ಟಡದ ಕಸ ಹೂತಿದ್ದರೆ ಮೊದಲು ಅದನ್ನು ತೆಗೆಯಿರಿ. ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ 2008ರಿಂದ ನಮ್ಮ ಊರಲ್ಲೇ ಇದೆ, ಓದುವವರು ಒಮ್ಮೆಯಾದರೂ ಹೋಗಿ ನೋಡಿ.

ಲೆಕ್ಕಕ್ಕೆ ಸಿಗದ ಒಂದು ಲಾಭವನ್ನೂ ಬರೆದಿಡುತ್ತೇನೆ. ಹೊಲ ನೀರಿನಡಿ ಹೋದ ಮೇಲೆ ಅಜ್ಜಿ ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಎರಚಲು, ಬೇರೆಯವರ ಹೊಲಕ್ಕೆ ಹೋಗುತ್ತಿದ್ದಳು. ಹೋದ ವರ್ಷ ಎಲ್ಲಿಗೂ ಹೋಗಲಿಲ್ಲ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ತೋಟಕ್ಕೆ ಬಂದಳು. ಇಪ್ಪತ್ತೂ ಮಡಿಗಳ ಸುತ್ತ ಚರಗ ಚೆಲ್ಲಿ, ಅಲ್ಲೇ ಎಲ್ಲರನ್ನೂ ಊಟಕ್ಕೆ ಕೂಡಿಸಿದಳು.